ಕನ್ನಡಿಯುಳ್ಳ ಕ್ಯಾಮರಾ, ಕನ್ನಡಿಯಿಲ್ಲದ ಕ್ಯಾಮರಾ

ಕ್ಯಾಮರಾ ಕೊಳ್ಳುವುದೆಂದರೆ ಈಗ ಮನೆಯ ಮಗಳಿಗೆ ವರನನ್ನು ಗೊತ್ತುಮಾಡುವಷ್ಟೇ ತೊಡಕಿನ ಕೆಲಸವಾಗಿಬಿಟ್ಟಿದೆ. ಜಾಹೀರಾತುಗಳು ಬಣ್ಣಿಸುವ ಗುಣಗಳೆಲ್ಲ ಕೇಳುವುದಕ್ಕೆ ಸೊಗಸಾಗಿರುತ್ತವೆ. ಜಾತಕದ ಅಂಕೆಗಳೂ ಕೂಡಿಬರುತ್ತವೆ. ಆದರೆ ಮನೆಗೆ ಬಂದಮೇಲೆ ಹೇಗೆ ಬಾಳೀತೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಛಾಯಾಗ್ರಹಣದ ಹುಚ್ಚು ಹತ್ತಿದ ಮಗನೋ ಮಗಳೋ “ಈ ಹಳೆಯ ಕ್ಯಾಮರಾದಿಂದ ಇನ್ನೇನೂ ಸಾಗದು, ಹೊಸ ಮಾದರಿಯದೇ ಬೇಕು” ಎಂದು ಹಟ ಹಿಡಿದರೆ, ತಿಂಗಳ ಸಂಬಳದ ಮಿತಿಯನ್ನು ಬಲ್ಲ ತಂದೆ ಏನು ಉತ್ತರ ಕೊಡಬೇಕು? ಮದುವೆ ಮುಂಜಿಗಳ ಚಿತ್ರ ತೆಗೆದು ಜೀವನ ಸಾಗಿಸುವ ತರುಣನೊಬ್ಬನು ಸಾಲ ಮಾಡಿ ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಕೊಂಡರೆ ಆ ಸಾಲ ತೀರುವುದೇ? ಇವು ಬರಿಯ ಯಂತ್ರದ ಪ್ರಶ್ನೆಗಳಲ್ಲ, ಸಂಸಾರದ ಪ್ರಶ್ನೆಗಳು.

ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಒಂದೇ ಮನೆತನದ ಎರಡು ಕ್ಯಾಮರಾಗಳನ್ನು ಎದುರುಬದುರು ನಿಲ್ಲಿಸಿ ನೋಡೋಣ. ಮೊದಲನೆಯದು ಜಪಾನಿನ ನಿಕಾನ್ ಕಂಪೆನಿಯವರು 2006ರ ನವೆಂಬರಿನಲ್ಲಿ ಹೊರತಂದ ‘ಡಿ 40’. ಹೊಸಬರಿಗಾಗಿಯೇ ಮಾಡಿದ, ಕೈಗೆಟಕುವ ಬೆಲೆಯ ಡಿ.ಎಸ್.ಎಲ್.ಆರ್. ಕ್ಯಾಮರಾ ಅದು. ಎರಡನೆಯದು ಅದೇ ಕಂಪೆನಿ 2021ರ ಅಕ್ಟೋಬರಿನಲ್ಲಿ ಪ್ರಕಟಿಸಿದ ‘ಜೆಡ್ 9’. ಪತ್ರಿಕಾ ಛಾಯಾಗ್ರಾಹಕರಿಗೂ, ಕ್ರೀಡಾಂಗಣದಲ್ಲಿ, ಕಾಡಿನಲ್ಲಿ ದುಡಿಯುವವರಿಗೂ ಮೀಸಲಾದ ಮಿರರ್‌ಲೆಸ್ ಕ್ಯಾಮರಾ. ಗರಡಿಗೆ ಹೊಸದಾಗಿ ಸೇರಿದ ಹುಡುಗನನ್ನೂ ಪಳಗಿದ ಜಟ್ಟಿಯನ್ನೂ ಒಂದೇ ಅಖಾಡಕ್ಕೆ ಇಳಿಸಿದಂತಾಯಿತೆಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಇಷ್ಟು ದೂರದ ಎರಡು ತುದಿಗಳನ್ನು ಹಿಡಿದು ನೋಡಿದಾಗಲೇ, ಹಣ ತೆತ್ತರೆ ಸಿಕ್ಕುವುದೇನು, ಎಷ್ಟು ತೆತ್ತರೂ ಸಿಕ್ಕದಿರುವುದೇನು ಎಂಬುದು ಸ್ಪಷ್ಟವಾಗುತ್ತದೆ.

ಕನ್ನಡಿಯ ಕೆಲಸವೇನು?

ಹಳೆಯ ಕ್ಯಾಮರಾದ ಹೊಟ್ಟೆಯೊಳಗೆ, ಮಸೂರದ ಹಿಂಭಾಗದಲ್ಲಿ, ಓರೆಯಾಗಿ ನಿಲ್ಲಿಸಿದ ಒಂದು ಪುಟ್ಟ ಕನ್ನಡಿಯಿದೆ. ಮಸೂರದ ಮೂಲಕ ಒಳಬಂದ ಬೆಳಕು ಈ ಕನ್ನಡಿಗೆ ತಾಗಿ ಮೇಲಕ್ಕೆ ತಿರುಗಿ, ಅಲ್ಲಿರುವ ಬೇರೆ ಕನ್ನಡಿಗಳ ಮುಖಾಂತರ ನಮ್ಮ ಕಣ್ಣನ್ನು ಸೇರುತ್ತದೆ. ಹೀಗಾಗಿ ಮಸೂರ ಕಂಡದ್ದನ್ನೇ ನಾವೂ ಕಾಣುತ್ತೇವೆ. ಗುಂಡಿಯನ್ನು ಒತ್ತಿದೊಡನೆ ಕನ್ನಡಿ ಥಟ್ಟನೆ ಮೇಲೇಳುತ್ತದೆ. ಹಿಂದಿರುವ ಷಟರ್ ತೆರೆದುಕೊಳ್ಳುತ್ತದೆ. ಬೆಳಕು ಸೆನ್ಸರ್ ಎಂಬ ಫಲಕದ ಮೇಲೆ ಬಿದ್ದು ಚಿತ್ರ ಮೂಡುತ್ತದೆ. ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ನಡೆದುಹೋಗುತ್ತದೆ. ಎಲ್ಲರಿಗೂ ಪರಿಚಿತವಾದ ಆ ‘ಖಟಕ್’ ಎಂಬ ಶಬ್ದ ಇದರದೇ. ಇಲ್ಲಿ ಒಂದು ವಿನೋದವುಂಟು. ಚಿತ್ರ ಮೂಡುವ ಆ ಒಂದು ಕ್ಷಣದಲ್ಲಿಯೇ ಛಾಯಾಗ್ರಾಹಕನ ಕಣ್ಣಿಗೆ ಕತ್ತಲು ಕವಿದಿರುತ್ತದೆ. ತಾನು ಹಿಡಿದ ಕ್ಷಣವನ್ನು ಅವನು ಎಂದಿಗೂ ಕಂಡವನಲ್ಲ!

ಮಿರರ್‌ಲೆಸ್ ಕ್ಯಾಮರಾದಲ್ಲಿ ಈ ಕನ್ನಡಿಯನ್ನೇ ಕಿತ್ತುಹಾಕಿದ್ದಾರೆ. ಸೆನ್ಸರ್ ಸದಾ ಎಚ್ಚರವಾಗಿದ್ದು, ತಾನು ಕಂಡದ್ದನ್ನು ಒಂದು ಚಿಕ್ಕ ವಿದ್ಯುತ್ ಪರದೆಯ ಮೇಲೆ ಬಿತ್ತರಿಸುತ್ತದೆ. ಚಿತ್ರ ಹೆಚ್ಚು ಬೆಳ್ಳಗಾಗುವುದೋ ಕಪ್ಪಾಗುವುದೋ ಎಂಬುದು ಗುಂಡಿ ಒತ್ತುವ ಮೊದಲೇ ತಿಳಿಯುತ್ತದೆ. ಕನ್ನಡಿಗೆ ಬೇಕಾಗಿದ್ದ ಜಾಗವೂ ಉಳಿಯಿತು. ನಿಕಾನ್‌ನವರು 1959ರಲ್ಲಿ ರೂಪಿಸಿ ಆರು ದಶಕ ನಡೆಸಿಕೊಂಡು ಬಂದ ವ್ಯವಸ್ಥೆಯಲ್ಲಿ ಮಸೂರವನ್ನು ಕೂರಿಸುವ ಬಳೆಗೂ ಸೆನ್ಸರಿಗೂ 46.5 ಮಿಲಿಮೀಟರ್ ಅಂತರವಿರಬೇಕಾಗಿತ್ತು. 2018ರಲ್ಲಿ ಅವರು ತಂದ ಹೊಸ ವ್ಯವಸ್ಥೆಯಲ್ಲಿ 16 ಮಿಲಿಮೀಟರ್ ಸಾಕು. ಇಂತಹ ಕನ್ನಡಿಯಿಲ್ಲದ ಕ್ಯಾಮರಾವನ್ನು 2008ರಲ್ಲಿಯೇ ಪ್ಯಾನಸಾನಿಕ್‌ನವರು ಹೊರತಂದಿದ್ದರು. ಆದರೆ ವೃತ್ತಿನಿರತರು ಅದರತ್ತ ಗಂಭೀರವಾಗಿ ತಿರುಗಲು ಹತ್ತು ವರ್ಷಗಳೇ ಹಿಡಿದುವು.

ಜೆಡ್ 9 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರಲ್ಲಿ ಕನ್ನಡಿಯಷ್ಟೇ ಅಲ್ಲ, ಚಲಿಸುವ ಷಟರ್ ಕೂಡ ಇಲ್ಲ. ಸೆನ್ಸರಿನಿಂದ ಚಿತ್ರವನ್ನು ಸಾಲುಸಾಲಾಗಿ ಓದಿಕೊಳ್ಳುವ ವೇಗ ಎಷ್ಟು ಹೆಚ್ಚಿದೆಯೆಂದರೆ, ಬಾಗಿಲಿನ ಅಗತ್ಯವೇ ಬೀಳುವುದಿಲ್ಲ. ಪರಿಣಾಮವಾಗಿ ಅದು ಸಂಪೂರ್ಣ ನಿಶ್ಶಬ್ದ. ಕೇಳಿಸುವ ‘ಖಟಕ್’ ಶಬ್ದ ಸ್ಪೀಕರಿನಿಂದ ಹೊರಡಿಸಿದ ನಟನೆ, ಬೇಡವಾದರೆ ನಿಲ್ಲಿಸಬಹುದು. ಸಂಗೀತ ಕಚೇರಿಯಲ್ಲಿ ವಿದ್ವಾಂಸರು ಆಲಾಪನೆಯಲ್ಲಿ ಮುಳುಗಿರುವಾಗ ಮೊದಲ ಸಾಲಿನಿಂದ ಖಟಕ್ ಖಟಕ್ ಎಂದು ಸದ್ದು ಕೇಳಿ ಹುಬ್ಬು ಗಂಟಿಕ್ಕಿದ ರಸಿಕರಿಗೆ ಈ ಮೌನದ ಬೆಲೆ ಚೆನ್ನಾಗಿ ಗೊತ್ತು.

ಅಂಕೆಗಳ ಮೋಹ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ‘ಮೆಗಾಪಿಕ್ಸೆಲ್’. ಚಿತ್ರವು ಎಷ್ಟು ಚುಕ್ಕೆಗಳಿಂದ ಕೂಡಿದೆ ಎಂಬುದರ ಲೆಕ್ಕವಿದು. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ. ಡಿ 40ಯದು 6.1 ಮೆಗಾಪಿಕ್ಸೆಲ್, ಜೆಡ್ 9ರದು 45.7. ಹಾಗಾದರೆ ಚಿತ್ರವೂ ಏಳೂವರೆಯಷ್ಟು ಚೆಂದವೇ? ಖಂಡಿತ ಅಲ್ಲ.

ಲೆಕ್ಕ ಹಾಕಿ ನೋಡೋಣ. ಡಿ 40ಯ ಚಿತ್ರದ ಅಗಲ 3008 ಚುಕ್ಕೆ, ಎತ್ತರ 2000. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆಯಿದ್ದರೆ ಸಾಕೆನ್ನುತ್ತಾರೆ. ಆ ಪ್ರಕಾರ ಈ ಹಳೆಯ ಕ್ಯಾಮರಾದ ಚಿತ್ರವನ್ನು 10 ಅಂಗುಲ ಅಗಲ, ಆರೂವರೆ ಅಂಗುಲಕ್ಕಿಂತ ತುಸು ಹೆಚ್ಚು ಎತ್ತರಕ್ಕೆ ಯಾವ ರಾಜಿಯೂ ಇಲ್ಲದೆ ಅಚ್ಚುಹಾಕಬಹುದು. ಮನೆಯ ಆಲ್ಬಮ್ಮಿನ ಚಿತ್ರಕ್ಕೆ ಇದು ಬೇಕಾದ್ದಕ್ಕಿಂತ ಹೆಚ್ಚು. ಗೋಡೆಗೆ ತೂಗುಹಾಕುವ ಚಿತ್ರವನ್ನು ಯಾರೂ ಮೂಗು ತಾಗಿಸಿ ನೋಡುವುದಿಲ್ಲವಾದ್ದರಿಂದ, ಇದರ ಎರಡರಷ್ಟು ಅಗಲಕ್ಕೆ ಹಿಗ್ಗಿಸಿದರೂ ನಡೆದೀತು. ಜೆಡ್ 9ರ ಚಿತ್ರದ ಅಗಲ 8256 ಚುಕ್ಕೆ. ಅದೇ ಲೆಕ್ಕದಲ್ಲಿ 27 ಅಂಗುಲಕ್ಕೂ ಮೀರಿದ ಅಗಲ. ಅಂದರೆ ಚುಕ್ಕೆಗಳು ಏಳೂವರೆಯಷ್ಟಾದರೂ ಚಿತ್ರದ ಅಗಲ ಹೆಚ್ಚಿದ್ದು ಮೂರರಷ್ಟೂ ಇಲ್ಲ.

ಚುಕ್ಕೆಗಳ ನಿಜವಾದ ಉಪಯೋಗ ಬೇರೆಡೆ ಇದೆ. ದೂರದ ಕೊಂಬೆಯ ಮೇಲೆ ಕುಳಿತ ಹಕ್ಕಿ ಚಿತ್ರದ ನಡುವೆ ಪುಟ್ಟದಾಗಿ ಬಿದ್ದಿದ್ದರೆ ಸುತ್ತಲಿನ ಭಾಗವನ್ನು ಕತ್ತರಿಸಿ ಹಕ್ಕಿಯನ್ನಷ್ಟೇ ಉಳಿಸಿಕೊಳ್ಳಲು ಅವು ಬೇಕು. ಇಲ್ಲಿಯೂ ಒಂದು ಸೂಕ್ಷ್ಮವುಂಟು. ಡಿ 40ಯ ಸೆನ್ಸರ್ ಚಿಕ್ಕದು, ಅಗಲ 23.7 ಮಿಲಿಮೀಟರ್, ಜೆಡ್ 9ರದು 35.9 ಮಿಲಿಮೀಟರ್. ಆದುದರಿಂದ ಒಂದೇ ಮಸೂರವನ್ನು ಎರಡಕ್ಕೂ ತೊಡಿಸಿದರೆ ಚಿಕ್ಕ ಸೆನ್ಸರಿನ ಕ್ಯಾಮರಾದಲ್ಲಿ ಹಕ್ಕಿ ಚೌಕಟ್ಟಿನ ಹೆಚ್ಚು ಭಾಗವನ್ನು ತುಂಬುತ್ತದೆ. ಹಕ್ಕಿಯ ಮೇಲೆ ಬೀಳುವ ಚುಕ್ಕೆಗಳನ್ನು ಎಣಿಸಿದರೆ ಹೊಸದರಲ್ಲಿ ಸಿಕ್ಕುವುದು ಮೂರರಷ್ಟಕ್ಕಿಂತ ತುಸು ಹೆಚ್ಚು, ಏಳೂವರೆಯಷ್ಟಲ್ಲ. ಜಾಹೀರಾತಿನ ಅಂಕೆ ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ.

ದೀಪದ ಬೆಳಕಿನಲ್ಲಿ

ಹಳೆಯ ಕ್ಯಾಮರಾ ನಿಜವಾಗಿ ಸೋಲುವುದು ಮಂದ ಬೆಳಕಿನಲ್ಲಿ. ಬ್ರಾಹ್ಮೀ ಮುಹೂರ್ತದ ಮದುವೆ, ನಂದಾದೀಪವೊಂದೇ ಉರಿಯುವ ಗರ್ಭಗುಡಿ, ರಾತ್ರಿಯಿಡೀ ನಡೆಯುವ ಬಯಲಾಟ ಇವೆಲ್ಲ ಅದಕ್ಕೆ ಕಠಿಣ ಪರೀಕ್ಷೆಗಳು. ಬೆಳಕಿಗೆ ಕ್ಯಾಮರಾ ತೋರುವ ಚುರುಕನ್ನು ಐ.ಎಸ್.ಓ. ಎಂಬ ಅಂಕೆಯಿಂದ ಅಳೆಯುತ್ತಾರೆ. ಅಂಕೆ ಎರಡರಷ್ಟಾದರೆ ಅರ್ಧ ಬೆಳಕು ಸಾಕು. ಡಿ 40ಯ ಸಾಮಾನ್ಯ ಮಿತಿ 1600. ಅದರ ಮೇಲೆ ಇನ್ನೊಂದು ಮೆಟ್ಟಿಲು ಹತ್ತಬಹುದಾದರೂ ಚಿತ್ರದ ಮೇಲೆಲ್ಲ ರವೆ ಚೆಲ್ಲಿದಂತಾಗುತ್ತದೆ. ಜೆಡ್ 9ರ ಸಾಮಾನ್ಯ ಮಿತಿ 25,600. ಸೆನ್ಸರಿನ ವಿಸ್ತೀರ್ಣವೇ 2.3ರಷ್ಟು ದೊಡ್ಡದು, ಹದಿನೈದು ವರ್ಷಗಳ ಸಂಶೋಧನೆಯ ಫಲವೂ ಅದಕ್ಕೆ ಸೇರಿದೆ. ಜೊತೆಗೆ, ಕೈ ನಡುಗಿದರೆ ಸೆನ್ಸರನ್ನೇ ಎದುರು ದಿಕ್ಕಿಗೆ ಸರಿಸಿ ಚಿತ್ರ ಕದಡದಂತೆ ಕಾಯುವ ಏರ್ಪಾಡೂ ಅದರಲ್ಲಿದೆ. ಆದರೆ ಕ್ಯಾಮರಾ ಕಾಯುವುದು ನಮ್ಮ ಕೈ ನಡುಕವನ್ನು ಮಾತ್ರ. ಎದುರಿಗೆ ಕುಣಿಯುವ ಮಗುವನ್ನು ಅದು ನಿಲ್ಲಿಸಲಾರದು.

ಹಾಗೆಂದು ಹಳೆಯದನ್ನು ಇಟ್ಟುಕೊಂಡವರು ನಿರಾಶರಾಗಬೇಕಿಲ್ಲ. ಕ್ಯಾಮರಾದೊಡನೆ ಬರುವ 18-55 ಮಿಲಿಮೀಟರಿನ ಸಾಧಾರಣ ಮಸೂರವನ್ನು ತೆಗೆದಿರಿಸಿ, ನಿಕಾನ್‌ನವರು 2009ರಲ್ಲಿ ತಂದ 35 ಮಿಲಿಮೀಟರಿನ ಎಫ್ 1.8 ಮಸೂರವನ್ನು ತೊಡಿಸಿದರೆ, ಒಳಬರುವ ಬೆಳಕು ಒಮ್ಮೆಗೇ ಆರರಷ್ಟಕ್ಕಿಂತ ಹೆಚ್ಚಾಗುತ್ತದೆ. ಬೆಲೆಯೂ ಹೊಸ ಕ್ಯಾಮರಾದ ಬೆಲೆಯ ಮುಂದೆ ತೃಣಸಮಾನ. ಕ್ಯಾಮರಾ ಬದಲಿಸುವ ಮೊದಲು ಮಸೂರ ಬದಲಿಸಿ ನೋಡಬೇಕೆಂಬುದು ಈ ವಿದ್ಯೆಯಲ್ಲಿ ನುರಿತವರ ಹಳೆಯ ಬುದ್ಧಿವಾದ. ಕೊಳ್ಳುವಾಗ ಒಂದು ಎಚ್ಚರಿಕೆ: ಡಿ 40ಯ ಒಡಲಿನಲ್ಲಿ ಫೋಕಸ್ ಮಾಡುವ ಮೋಟರ್ ಇಲ್ಲ. ಮಸೂರದಲ್ಲಿಯೇ ಮೋಟರ್ ಇರುವ ‘ಎ.ಎಫ್.-ಎಸ್’ ಮಾದರಿಯದನ್ನೇ ಆರಿಸಬೇಕು. ಸೋಜಿಗವೆಂದರೆ, ಲಕ್ಷಾಂತರ ಬೆಲೆಯ ಜೆಡ್ 9ರ ಒಡಲಿನಲ್ಲಿಯೂ ಆ ಮೋಟರ್ ಇಲ್ಲ. ಎ.ಎಫ್.-ಎಸ್ ಮಸೂರವನ್ನು ಅದಕ್ಕೆ ನಡುವೆ ಒಂದು ಅಡಾಪ್ಟರ್ ಸೇರಿಸಿ ಬಳಸಿಕೊಳ್ಳಬಹುದು.

ಕಾಯುವ ಕಣ್ಣು, ಹುಡುಕುವ ಯಂತ್ರ

ಶ್ರೀರಂಗಪಟ್ಟಣದ ಬಳಿ, ಕಾವೇರಿಯ ಮಡಿಲಲ್ಲಿರುವ ರಂಗನತಿಟ್ಟಿಗೆ ಹೋದವರು ಹಕ್ಕಿಗಳ ಹಾರಾಟವನ್ನು ಕಂಡೇ ಇದ್ದಾರೆ. ಸಾಗುವ ದೋಣಿ, ಹಾರುವ ಹಕ್ಕಿ, ಎರಡೂ ಚಂಚಲ. ಇಂತಹ ಕಡೆ ಡಿ 40 ಕೈಯಲ್ಲಿದ್ದರೆ ಅದರ ಮೂರೇ ಫೋಕಸ್ ಬಿಂದುಗಳಲ್ಲಿ ಒಂದರ ಮೇಲೆ ಹಕ್ಕಿಯನ್ನು ನಿಲ್ಲಿಸುವುದೇ ಸಾಹಸ. ಸೆಕೆಂಡಿಗೆ ಎರಡೂವರೆ ಚಿತ್ರಗಳಿಗಿಂತ ಹೆಚ್ಚು ತೆಗೆಯಲು ಅದಕ್ಕೆ ಶಕ್ತಿಯಿಲ್ಲ. ಜೆಡ್ 9ಕ್ಕಾದರೋ 493 ಬಿಂದುಗಳಿವೆ. ಮನುಷ್ಯ, ನಾಯಿ, ಬೆಕ್ಕು, ಹಕ್ಕಿಗಳನ್ನಲ್ಲದೆ ಕಾರು, ರೈಲು, ವಿಮಾನಗಳನ್ನೂ ಅದು ತಾನಾಗಿ ಗುರುತು ಹಿಡಿದು, ಹಕ್ಕಿಯ ಕಣ್ಣಿಗೇ ಗುರಿಯಿಟ್ಟು ಬೆನ್ನುಹತ್ತಿ ಹೋಗುತ್ತದೆ. ಪೂರ್ಣ ಗಾತ್ರದ ಚಿತ್ರಗಳನ್ನು ಸೆಕೆಂಡಿಗೆ 20ರಂತೆ, ಚಿಕ್ಕ ಗಾತ್ರದವನ್ನು 120ರಂತೆ ತೆಗೆಯಬಲ್ಲದು.

ಇದು ಅದ್ಭುತವೇ ಸರಿ. ಆದರೆ ಹತ್ತು ಸೆಕೆಂಡು ಗುಂಡಿ ಒತ್ತಿ ಹಿಡಿದರೆ ಇನ್ನೂರು ಚಿತ್ರ. ಒಂದು ಬೆಳಗಿನ ದೋಣಿವಿಹಾರಕ್ಕೆ ಸಾವಿರಾರು. ಇಷ್ಟನ್ನೂ ಕುಳಿತು ನೋಡಿ, ಕಾಳು ಜೊಳ್ಳು ಬೇರೆ ಮಾಡುವವರು ಯಾರು? ಯಂತ್ರ ಉಳಿಸಿಕೊಟ್ಟ ಶ್ರಮ ಮನೆಗೆ ಬಂದಮೇಲೆ ಬಡ್ಡಿ ಸಮೇತ ಎದುರು ನಿಲ್ಲುತ್ತದೆ.

ಈ ಸಂದರ್ಭದಲ್ಲಿ ನಮ್ಮ ನಾಡಿನ ಹಿರಿಯರನ್ನು ನೆನೆಯುವುದು ಉಚಿತ. 2017ರಲ್ಲಿ ಕಾಲವಾದ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಕಾಡು, ಹಕ್ಕಿ, ಮೃಗಗಳ ಚಿತ್ರಣಕ್ಕೆ ಹೆಸರಾದವರು. ಅವರು ಈ ವಿದ್ಯೆಯನ್ನು ಪಳಗಿಸಿಕೊಂಡದ್ದು ಫಿಲ್ಮಿನ ಕಾಲದಲ್ಲಿ. ಒಂದು ಸುರುಳಿಗೆ 36 ಚಿತ್ರಗಳು. ತೊಳೆದು ನೋಡುವವರೆಗೆ ಏನು ಬಿದ್ದಿದೆಯೋ ತಿಳಿಯದು. ತಾನಾಗಿ ಫೋಕಸ್ ಮಾಡುವ ಎಸ್.ಎಲ್.ಆರ್. ಕ್ಯಾಮರಾ ಜನಪ್ರಿಯವಾದದ್ದೇ 1985ರ ತರುವಾಯ. ಪ್ರಾಣಿಯ ಸ್ವಭಾವವನ್ನು ಅರಿತು, ಅದು ಮುಂದೇನು ಮಾಡೀತೆಂದು ಊಹಿಸಿ ಕಾಯುವುದೇ ಆಗಿನ ವಿದ್ಯೆ. ಅವರ ದೃಷ್ಟಿಯಿಂದ ನೋಡಿದರೆ, ನಾವು ಇಂದು ಹಳೆಯದೆಂದು ಹೀಗಳೆಯುವ ಡಿ 40 ಕೂಡ ವರಪ್ರಸಾದವೇ.

ಜಟ್ಟಿ ಸೋತ ಪಟ್ಟು

ಎಲ್ಲ ಪಟ್ಟಿನಲ್ಲಿಯೂ ಹೊಸದೇ ಗೆದ್ದಿತೆಂದು ತಿಳಿಯಬಾರದು. ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖ ಕಪ್ಪಾಗದಿರಲು ಹಗಲಿನಲ್ಲಿಯೂ ಫ್ಲ್ಯಾಷ್ ಹಾಕಬೇಕಾಗುತ್ತದೆ. ಆಗ ಷಟರ್ ಎಷ್ಟು ವೇಗದವರೆಗೆ ಫ್ಲ್ಯಾಷಿನೊಡನೆ ಹೊಂದಿಕೊಳ್ಳಬಲ್ಲುದೆಂಬುದು ಮುಖ್ಯ. ಡಿ 40 ಸೆಕೆಂಡಿನ 500ರಲ್ಲೊಂದು ಪಾಲಿನವರೆಗೆ ಹೊಂದಿಕೊಳ್ಳುತ್ತದೆ; ಜೆಡ್ 9 ಅದರ ಅರ್ಧ ವೇಗಕ್ಕೇ ಮುಗ್ಗರಿಸುತ್ತದೆ. ಡಿ 40ಯ ತಲೆಯ ಮೇಲೆ ಪುಟ್ಟ ಫ್ಲ್ಯಾಷ್ ಸಿದ್ಧವಾಗಿಯೇ ಇದೆ. ಜೆಡ್ 9ಕ್ಕೆ ಬೇರೆ ಕೊಳ್ಳಬೇಕು.

ಹೊರೆಯನ್ನು ನೋಡೋಣ. ಡಿ 40ಯ ಒಡಲಿನ ತೂಕ 475 ಗ್ರಾಂ. ಮಕ್ಕಳೂ ಎತ್ತಿಕೊಂಡು ಓಡಾಡಬಹುದು. ಜೆಡ್ 9 ಬ್ಯಾಟರಿ ಸಮೇತ 1340 ಗ್ರಾಂ. ಅದಕ್ಕೆ ತಕ್ಕ 24-70 ಮಿಲಿಮೀಟರಿನ ಎಫ್ 2.8 ಮಸೂರ ಸೇರಿದರೆ ಎರಡು ಕಿಲೋಗ್ರಾಂ ದಾಟುತ್ತದೆ. ಸಂಸಾರ ಸಮೇತ ಬೇಲೂರು ಹಳೇಬೀಡು ನೋಡಲು ಹೊರಟವರು ಇಷ್ಟು ಭಾರವನ್ನು ಕೊರಳಿಗೆ ಕಟ್ಟಿಕೊಂಡರೆ, ಶಿಲಾಬಾಲಿಕೆಯರನ್ನು ತಲೆಯೆತ್ತಿ ನೋಡುವುದೂ ಪ್ರಯಾಸವಾದೀತು!

ಬ್ಯಾಟರಿಯ ವಿಷಯದಲ್ಲಿಯೂ ಹಳೆಯದು ಮಿತವ್ಯಯಿ. ಕನ್ನಡಿಯ ಮೂಲಕ ನೋಡಲು ವಿದ್ಯುತ್ ಬೇಕಿಲ್ಲ. ಪರದೆಯ ಮೂಲಕ ನೋಡಲು ಪ್ರತಿ ಕ್ಷಣವೂ ಬೇಕು. ಡಿ 40 ತನ್ನ ಪುಟ್ಟ ಬ್ಯಾಟರಿಯಿಂದ ಸುಮಾರು 470 ಚಿತ್ರ ತೆಗೆಯುತ್ತದೆ. ಅದರ ಐದರಷ್ಟು ವಿದ್ಯುತ್ತನ್ನು ಹೊತ್ತ ಜೆಡ್ 9 ಅದೇ ಬಗೆಯ ಅಳತೆಯಲ್ಲಿ ಎರಡರಷ್ಟನ್ನೂ ಮುಟ್ಟುವುದಿಲ್ಲ.

ಇನ್ನು ಬೆಲೆ. ಡಿ 40 ಹೊರಬಂದಾಗ ಅಮೆರಿಕದಲ್ಲಿ ಮಸೂರವೂ ಸೇರಿ 600 ಡಾಲರ್. ಜೆಡ್ 9ಕ್ಕೆ ಮಸೂರವಿಲ್ಲದೆಯೇ 5,500 ಡಾಲರ್. ನಮ್ಮ ದೇಶದಲ್ಲಿ ಅದನ್ನು ಸುಮಾರು ನಾಲ್ಕು ಮುಕ್ಕಾಲು ಲಕ್ಷ ರೂಪಾಯಿಗೆ ಮಾರಾಟಕ್ಕಿಟ್ಟರು. 2023ರಲ್ಲಿ ಅಂತಹುದೇ ಸೆನ್ಸರನ್ನು ಹೊತ್ತ, ಹಗುರವಾದ ‘ಜೆಡ್ 8’ ಬಂದಿತು. ಅದರ ಬೆಲೆ 4,000 ಡಾಲರ್. ಎರಡೇ ವರ್ಷದಲ್ಲಿ ಬೆಲೆ ಅಷ್ಟು ಇಳಿಯಿತೆಂಬುದನ್ನು ಸಾಲ ಮಾಡಿ ಕೊಳ್ಳಹೊರಟವರು ಮರೆಯಬಾರದು.

ಯಾರಿಗೆ ಯಾವುದು?

ಮದುವೆಯ ಚಿತ್ರ ತೆಗೆದು ಜೀವಿಸುವವನಿಗೆ ಹೊಸ ಬಗೆಯ ಕ್ಯಾಮರಾ ಬೇಕೆಂಬುದರಲ್ಲಿ ಸಂದೇಹವಿಲ್ಲ. ಅದರ ಮುಖ್ಯ ಕಾರಣ ಮೆಗಾಪಿಕ್ಸೆಲ್ ಅಲ್ಲ. ಡಿ 40ಯಲ್ಲಿ ಚಿತ್ರ ಸಂಗ್ರಹವಾಗುವ ಕಾರ್ಡು ಒಂದೇ. ಅದು ಕೆಟ್ಟರೆ ಚಿತ್ರಗಳೆಲ್ಲ ನೀರಿನಲ್ಲಿ ಹೋಮ. ಜೆಡ್ 9ರಲ್ಲಿ ಎರಡು ಕಾರ್ಡುಗಳಿದ್ದು, ಪ್ರತಿಯೊಂದು ಚಿತ್ರವನ್ನೂ ಎರಡರಲ್ಲಿಯೂ ಬರೆಸಬಹುದು. ಮಾಂಗಲ್ಯಧಾರಣೆಯ ಚಿತ್ರ ಕಳೆದುಹೋದರೆ ವಧೂವರರನ್ನು ಮತ್ತೊಮ್ಮೆ ಹಸೆಗೆ ಕರೆಯಲಾದೀತೇ? ಎರಡನೆಯ ಕಾರಣ ಚಲನಚಿತ್ರ. ಈಗಿನ ಗಿರಾಕಿಗಳು ವಿಡಿಯೋ ಕೇಳದೆ ಬಿಡುವುದಿಲ್ಲ. ಡಿ 40ಯಲ್ಲಿ ಆ ಸೌಕರ್ಯವೇ ಇಲ್ಲ. ಆದರೆ ಈ ಎರಡೂ ಗುಣಗಳು ಜೆಡ್ 9ಕ್ಕಿಂತ ಬಹಳ ಕಡಿಮೆ ಬೆಲೆಯ ಮಿರರ್‌ಲೆಸ್ ಕ್ಯಾಮರಾಗಳಲ್ಲಿಯೂ ದೊರೆಯುತ್ತವೆ. ಒಂದು ಮದುವೆಯ ಕಾಲದಲ್ಲಿ ಎಷ್ಟು ಗಳಿಕೆಯೆಂದು ಮೊದಲು ಬರೆದಿಟ್ಟು, ಆ ಗಳಿಕೆ ಕಂತನ್ನು ತೀರಿಸಬಲ್ಲುದೇ ಎಂದು ನೋಡಿ, ಅನಂತರ ಅಂಗಡಿಯ ಮೆಟ್ಟಿಲು ಹತ್ತುವುದು ಜಾಣತನ. ದೊಡ್ಡ ಯಂತ್ರ ಬೇಕಾದ ದೊಡ್ಡ ಕೆಲಸ ಬಂದಾಗ ದಿನದ ಬಾಡಿಗೆಗೆ ತರುವ ದಾರಿಯೂ ಇದೆ.

ಕಲಿಯುವ ಹುಡುಗ ಹುಡುಗಿಯರ ವಿಷಯವೇ ಬೇರೆ. ಇಂದಿನ ಒಳ್ಳೆಯ ಮೊಬೈಲ್ ಫೋನು ಮಂದ ಬೆಳಕಿನಲ್ಲಿ ಡಿ 40ಯನ್ನು ಮೀರಿಸುವುದುಂಟು; ಆದರೆ ಅದು ತನ್ನ ಲೆಕ್ಕಾಚಾರವನ್ನು ತಾನೇ ಮಾಡಿ ಮುಗಿಸುತ್ತದೆ, ನಮಗೇನನ್ನೂ ಕಲಿಸುವುದಿಲ್ಲ. ಡಿ 40ಯ ತಿರುಗುಚಕ್ರವನ್ನು ‘ಎ’ ಎಂಬ ಅಕ್ಷರಕ್ಕೆ ತಂದು ದ್ವಾರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದರೆ ಹಿನ್ನೆಲೆ ಮಸುಕಾಗುವ ಗುಟ್ಟು ತಿಳಿಯುತ್ತದೆ. ‘ಎಸ್’ಗೆ ತಂದು ವೇಗವನ್ನು ಬದಲಿಸಿದರೆ ನಲ್ಲಿಯ ನೀರು ಒಮ್ಮೆ ಮುತ್ತಾಗಿ, ಒಮ್ಮೆ ರೇಷ್ಮೆಯಾಗಿ ಕಾಣುತ್ತದೆ. ಬೆಳಕಿನ ವ್ಯಾಕರಣ ಇಷ್ಟೇ. ಇದನ್ನು ಡಿ 40ಯಲ್ಲಿ ಕಲಿತವರಿಗೆ ಜೆಡ್ 9 ಹಿಡಿದರೂ ಹೊಸದಾಗಿ ಕಲಿಯುವುದು ಗುಂಡಿಗಳ ಜಾಗವನ್ನಷ್ಟೇ. ಬಳಸಿದ ಡಿ 40 ಈಗ ಸ್ವಲ್ಪ ಹಣಕ್ಕೆ ಸಿಕ್ಕುತ್ತದೆ. ಕೊಳ್ಳುವಾಗ ಬ್ಯಾಟರಿ ಚಾರ್ಜು ಹಿಡಿಯುವುದೇ, ಮಸೂರದೊಳಗೆ ಬೂಷ್ಟು ಕಟ್ಟಿದೆಯೇ ಎಂದು ದೀಪಕ್ಕೆ ಹಿಡಿದು ಪರೀಕ್ಷಿಸಬೇಕು. ಕಾರ್ಡು 32 ಗಿಗಾಬೈಟಿಗಿಂತ ದೊಡ್ಡದಾಗಿರಬಾರದು.

ಉಳಿದವರು ಸಂಸಾರಸ್ಥರು. ಅಜ್ಜಿಯ ಮುಖದ ಸುಕ್ಕು, ಮಗುವಿನ ಮೊದಲ ಹೆಜ್ಜೆ, ಹಬ್ಬದ ದಿನ ಅಂಗಳದಲ್ಲಿ ಸೇರಿದ ನಂಟರು, ಇವನ್ನು ಹಿಡಿದಿಡಲು 6 ಮೆಗಾಪಿಕ್ಸೆಲ್ ಧಾರಾಳವಾಗಿ ಸಾಕು. ಇಲ್ಲಿ ನಮ್ಮ ಕೊರತೆ ಕ್ಯಾಮರಾದ್ದಲ್ಲ. ಹತ್ತಾರು ಸಾವಿರ ಚಿತ್ರಗಳು ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ತುಂಬಿ, ಯಾರೂ ನೋಡದೆ, ಒಂದು ದಿನ ಯಂತ್ರ ಕೆಟ್ಟಾಗ ಒಟ್ಟಿಗೇ ಮಾಯವಾಗುತ್ತಿವೆ. ಅಜ್ಜ ಅಜ್ಜಿಯರ ಮದುವೆಯ ಒಂದೇ ಒಂದು ಕಪ್ಪು ಬಿಳುಪು ಚಿತ್ರ ಗೋಡೆಯ ಮೇಲೆ ಅರವತ್ತು ವರ್ಷ ಉಳಿದಿರುವಾಗ, ಮೊಮ್ಮಗನ ನಾಮಕರಣದ ಸಾವಿರ ಚಿತ್ರಗಳಲ್ಲಿ ಒಂದೂ ಕಾಗದಕ್ಕೆ ಇಳಿದಿಲ್ಲವೆಂಬುದು ವಿಪರ್ಯಾಸವಲ್ಲವೇ?

ಆದುದರಿಂದ ಹೊಸ ಕ್ಯಾಮರಾಕ್ಕೆಂದು ಕೂಡಿಟ್ಟ ಹಣದಲ್ಲಿ ಮೊದಲು ಒಂದು ಒಳ್ಳೆಯ ಮಸೂರ ಕೊಳ್ಳಿರಿ; ಇದ್ದ ಚಿತ್ರಗಳ ಎರಡನೆಯ ಪ್ರತಿಯನ್ನು ಬೇರೆ ಕಡೆ ಭದ್ರಪಡಿಸಿರಿ; ವರ್ಷಕ್ಕೆ ಇಪ್ಪತ್ತು ಚಿತ್ರಗಳನ್ನಾದರೂ ಆರಿಸಿ ಅಚ್ಚುಹಾಕಿಸಿ, ಯಾರು, ಎಲ್ಲಿ, ಯಾವಾಗ ಎಂದು ಹಿಂಬದಿಯಲ್ಲಿ ಬರೆದಿಡಿರಿ. ಇಷ್ಟು ಮಾಡಿದ ಮೇಲೂ ಹಣ ಉಳಿದು, ಹಳೆಯ ಕ್ಯಾಮರಾ ಯಾವ ಕೆಲಸಕ್ಕೆ ಸಾಲದಾಯಿತೆಂಬುದನ್ನು ನೀವು ಒಂದೇ ವಾಕ್ಯದಲ್ಲಿ ಹೇಳಬಲ್ಲಿರಾದರೆ, ಹೊಸದನ್ನು ಸಂತೋಷವಾಗಿ ಕೊಳ್ಳಬಹುದು.